ಸೆನೆಟರ್‌ಗಳನ್ನು ಜನರೇ ಆರಿಸತೊಡಗಿದ ಮೇಲೆ ಅಮೆರಿಕದಲ್ಲಿ ಏನು ಬದಲಾಯಿತು?

[ಪರದೆ: ಡೆಲವೇರ್ ನಕ್ಷೆ]

ನಮಸ್ಕಾರ. 1901ರಿಂದ 1903ರವರೆಗೆ ಡೆಲವೇರ್ ರಾಜ್ಯದ ಪರವಾಗಿ ಅಮೆರಿಕದ ಸೆನೆಟ್‌ನಲ್ಲಿ ಮಾತಾಡೋಕೆ ಒಬ್ಬರೂ ಇರಲಿಲ್ಲ. ಎರಡೂ ಸ್ಥಾನ ಖಾಲಿ. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದವರು ರಾಜ್ಯದ ಶಾಸಕರು, ಹೆಚ್ಚುಕಡಿಮೆ ನಮ್ಮ ರಾಜ್ಯಸಭೆ ಚುನಾವಣೆಯ ಹಾಗೆ. ಡೆಲವೇರ್ ಶಾಸಕರ ಕಿತ್ತಾಟದಲ್ಲಿ ಯಾರಿಗೂ ಬಹುಮತ ಸಿಗಲೇ ಇಲ್ಲ.

[ಪರದೆ: ಲಿಂಕನ್, ಡಗ್ಲಸ್]

1858ರಲ್ಲಿ ಸೆನೆಟ್ ಸ್ಥಾನಕ್ಕೆ ಪೈಪೋಟಿಗಿಳಿದಿದ್ದ ಲಿಂಕನ್ ಮತ್ತು ಡಗ್ಲಸ್ ಇಲಿನಾಯ್ ರಾಜ್ಯದಲ್ಲಿ ಗುಲಾಮಗಿರಿ ಬಗ್ಗೆ ಏಳು ಕಡೆ ಮುಖಾಮುಖಿ ವಾದ ಮಾಡಿದರು. ಸಾವಿರಾರು ಜನ ನಿಂತು ಕೇಳಿದರು. ಆದರೆ ಇಬ್ಬರಲ್ಲಿ ಯಾರಿಗೂ ಆ ಜನ ನೇರವಾಗಿ ಮತ ಹಾಕುವಂತಿರಲಿಲ್ಲ. ಕೊನೆಗೆ ಶಾಸಕರು 54–46ರಲ್ಲಿ ಡಗ್ಲಸ್ ಅವರನ್ನು ಆರಿಸಿದರು. ಇದರಲ್ಲಿ ಪೆಟ್ಟು ಬಿದ್ದದ್ದು ರಾಜ್ಯ ರಾಜಕೀಯಕ್ಕೆ. ತಮ್ಮೂರ ಶಾಲೆ, ರಸ್ತೆ ನೋಡಿಕೊಳ್ಳುವ ಶಾಸಕನನ್ನು ಜನ ವಾಷಿಂಗ್ಟನ್ ಲೆಕ್ಕದಲ್ಲಿ ಆರಿಸಬೇಕಾಯಿತು.

ದುಡ್ಡಿನ ಆಟವೂ ಇತ್ತು. ಮೊಂಟಾನಾದ ತಾಮ್ರ ಗಣಿಯ ಧಣಿ ವಿಲಿಯಂ ಕ್ಲಾರ್ಕ್, ಶಾಸಕರಿಗೆ ಲಂಚ ಕೊಟ್ಟ ಪ್ರಕರಣದಲ್ಲಿ 1900ರಲ್ಲಿ ಸೆನೆಟ್ ಸ್ಥಾನಕ್ಕೆ ರಾಜೀನಾಮೆ ಕೊಡಬೇಕಾಯಿತು.

[ಪರದೆ: ಒರೆಗಾನ್]

ನನಗೆ ತುಂಬ ಇಷ್ಟವಾದ ಅಧ್ಯಾಯ ಇದು. ಒರೆಗಾನ್ ಜನ ಸಂವಿಧಾನ ತಿದ್ದುವವರೆಗೆ ಕಾಯಲಿಲ್ಲ. ಮೊದಲು ಜನ ಮತ ಹಾಕೋದು, ಅವರು ಗೆಲ್ಲಿಸಿದವರನ್ನೇ ಆರಿಸ್ತೀವಿ ಅಂತ ಶಾಸಕರಾಗಲು ಹೊರಟವರಿಂದ ಮುಂಚೆಯೇ ಮಾತು ತಗೊಳ್ಳೋದು. 1909ರಲ್ಲಿ ರಿಪಬ್ಲಿಕನ್ ಬಹುಮತದ ಶಾಸನಸಭೆ ಡೆಮಾಕ್ರಾಟ್ ಜಾರ್ಜ್ ಚೇಂಬರ್ಲಿನ್ ಅವರನ್ನು ಸೆನೆಟ್‌ಗೆ ಕಳಿಸಿತು. ಕೊಟ್ಟ ಮಾತು ಉಳಿಸಿಕೊಂಡರು!

1913ರ ಏಪ್ರಿಲ್ 8ರಂದು, ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸಬೇಕು ಅನ್ನೋ ಸಂವಿಧಾನದ 17ನೇ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕಿತು. ಶಾಸನಸಭೆಗಳು ಈ ಜಗ್ಗಾಟದಿಂದ ಬಿಡುಗಡೆಯಾದವು, ಸೆನೆಟರ್‌ಗಳು ಮತದಾರರ ಮುಂದೆ ನಿಲ್ಲಬೇಕಾಯಿತು. ರಾಜ್ಯ ಸರ್ಕಾರಗಳಿಗೆ ವಾಷಿಂಗ್ಟನ್‌ನಲ್ಲಿದ್ದ ಹಿಡಿತ ತಪ್ಪಿತು ಅಂತ ತಿದ್ದುಪಡಿ ರದ್ದಾಗಲಿ ಅನ್ನುವವರು ಇವತ್ತಿಗೂ ಇದ್ದಾರೆ. ನಾನು ಒಪ್ಪಲ್ಲ. ಆರಿಸಿ ಕಳಿಸಿದ ಸೆನೆಟರನ್ನು ವಾಪಸ್ ಕರೆಸೋ ಅಧಿಕಾರ ಶಾಸಕರಿಗೆ ಹಿಂದೆಯೂ ಇರಲಿಲ್ಲ, ಹಿಡಿತ ಮೊದಲೇ ಸಡಿಲವಾಗಿತ್ತು.

[ಪರದೆ: 1914]

ಆದರೆ 'ಜನ' ಅಂದರೆ ಯಾರು? 1914ರಲ್ಲಿ ದಕ್ಷಿಣದ ರಾಜ್ಯಗಳು ಬಹುತೇಕ ಕಪ್ಪು ಜನರನ್ನು ಮತಗಟ್ಟೆಯಿಂದ ದೂರ ಇಟ್ಟಿದ್ದವು. ಸೆನೆಟ್ ಚುನಾವಣೆಯ ನಿಯಮಗಳಲ್ಲಿ ಕೇಂದ್ರ ಕೈ ಹಾಕಬಾರದು ಅನ್ನೋ ಅಂಶವನ್ನು ಈ ತಿದ್ದುಪಡಿಯೊಳಗೇ ಸೇರಿಸೋಕೆ ಅಲ್ಲಿನ ಪ್ರತಿನಿಧಿಗಳು ಪಟ್ಟು ಹಿಡಿದಿದ್ದರು. ಪುಣ್ಯಕ್ಕೆ ಅದು ನಡೆಯಲಿಲ್ಲ. ಆದರೂ ಆ ಮತದಾರರ ರಕ್ಷಣೆಗೆ ಗಟ್ಟಿಯಾದ ಕೇಂದ್ರ ಕಾನೂನು ಬರೋಕೆ 1965 ಆಗಬೇಕಾಯಿತು.