ಮೇಳ ಒಂದೇ, ಪ್ರಸಂಗ ವಾರಕ್ಕೊಂದು

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ಗದ್ದೆಯ ಕಡೆಯಿಂದ ಚೆಂಡೆಯ ಸದ್ದು ಬಂದರೆ ನಮ್ಮ ಕರಾವಳಿಯವರಿಗೆ ಬೇರೆ ಏನೂ ಹೇಳಬೇಕಾಗಿಲ್ಲ. ಅದಕ್ಕೆ ‘ಕೇಳಿ’ ಅಂತ ಹೆಸರು. ಇವತ್ತು ರಾತ್ರಿ ಇಲ್ಲಿ ಆಟ ಇದೆ, ಬನ್ನಿ ಅಂತ ಊರಿಗೆ ತಿಳಿಸುವ ಸದ್ದು. ಅದು ಕಿವಿಗೆ ಬಿದ್ದ ದಿನ ನಮ್ಮ ಅಜ್ಜಿ ಬೇಗ ಊಟಕ್ಕೆ ಬಡಿಸುತ್ತಿದ್ದರು. ಪ್ರಸಂಗ ಯಾವುದು ಅಂತ ವಿಚಾರಿಸುತ್ತಿದ್ದದ್ದು ಆಮೇಲೆ. ಯಾವುದಾದರೇನು, ಹೋಗುವುದಂತೂ ಖಂಡಿತ. ಮೇಳ ಯಾವುದು, ಭಾಗವತರು ಯಾರು, ಇಷ್ಟು ಗೊತ್ತಾದರೆ ಅವರಿಗೆ ಸಾಕಿತ್ತು.

ಇವತ್ತಿನ ಮಾತು ಯಕ್ಷಗಾನದ್ದಲ್ಲ, ಅಮೆರಿಕದ ಒಂದು ಟಿವಿ ಕಾರ್ಯಕ್ರಮದ್ದು. ಆದರೆ ಅದರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ಅಜ್ಜಿಯ ಆ ಅವಸರವೇ.

ವಾಲ್ಟ್ ಡಿಸ್ನಿಯವರ ಕಾರ್ಯಕ್ರಮ ಅದು. 1954ರ ಅಕ್ಟೋಬರ್ 27ರಂದು ಶುರುವಾಯಿತು. ಆಗ ಅದರ ಹೆಸರು ‘ಡಿಸ್ನಿಲ್ಯಾಂಡ್’. ಆಮೇಲೆ ಹೆಸರು ಎಷ್ಟು ಸಲ ಬದಲಾಯಿತು ಅಂದರೆ, ಎಲ್ಲವನ್ನೂ ಹೇಳುತ್ತ ಹೋದರೆ ನನಗೆ ಕೊಟ್ಟಿರುವ ಸಮಯ ಅದಕ್ಕೇ ಮುಗಿಯುತ್ತದೆ. ಹೆಚ್ಚಿನವರ ನಾಲಿಗೆಯಲ್ಲಿ ಉಳಿದ ಹೆಸರು ‘ವಂಡರ್‌ಫುಲ್ ವರ್ಲ್ಡ್ ಆಫ್ ಡಿಸ್ನಿ’. ಇದು ಧಾರಾವಾಹಿ ಅಲ್ಲ. ಈ ವಾರದ ಕತೆಗೂ ಮುಂದಿನ ವಾರದ ಕತೆಗೂ ಸಾಮಾನ್ಯವಾಗಿ ಸಂಬಂಧವೇ ಇಲ್ಲ. ಒಂದು ವಾರ ಕಾರ್ಟೂನ್, ಇನ್ನೊಂದು ವಾರ ಕಾಡುಪ್ರಾಣಿಗಳು, ಮತ್ತೊಂದು ವಾರ ಕುದುರೆ ಸವಾರರ ಸಾಹಸ. ಬಿಡಿಬಿಡಿ ಕತೆಗಳ ಮಾಲೆ. ನಡುನಡುವೆ ನಿಂತು, ಮತ್ತೆ ಎದ್ದು, ಚಾನೆಲ್‌ನಿಂದ ಚಾನೆಲ್‌ಗೆ ಹಾರಿ, ಅದು ನಮ್ಮ ಕಾಲದವರೆಗೂ ಬಂದಿದೆ.

ಅದು ಹುಟ್ಟಿದ್ದು ಹೇಗೆ ಗೊತ್ತಾ? ಸಾಲಕ್ಕಾಗಿ.

ಡಿಸ್ನಿಯವರದು ಆಗಲೇ ದೊಡ್ಡ ಹೆಸರು. ಮಿಕ್ಕಿ ಮೌಸ್ ಹುಟ್ಟಿ ಕಾಲು ಶತಮಾನ ದಾಟಿತ್ತು. ಆದರೆ ಅವರ ತಲೆಯಲ್ಲಿ ಹೊಸದೊಂದು ಹುಳ ಹೊಕ್ಕಿತ್ತು. ಲಾಸ್ ಏಂಜಲೀಸ್ ಹತ್ತಿರದ ಅನಾಹೈಮ್‌ನಲ್ಲಿ ಕಿತ್ತಳೆ ತೋಟ ಇದ್ದ ಜಾಗದಲ್ಲಿ, ಅಪ್ಪ ಅಮ್ಮ ಮಕ್ಕಳು ಎಲ್ಲರೂ ಸೇರಿ ಆಡುವಂಥ ಪಾರ್ಕು ಕಟ್ಟಬೇಕು ಅಂತ. ಜಾತ್ರೆಯ ತೊಟ್ಟಿಲಿಗೆ ಇಷ್ಟೊಂದು ದುಡ್ಡಾ ಅಂತ ಹಣ ಕೊಡುವವರು ಹಿಂದೆ ಸರಿದರು. 1953ರಲ್ಲಿ ಹರ್ಬ್ ರೈಮನ್ ಎಂಬ ಚಿತ್ರಕಾರರು ಡಿಸ್ನಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಶನಿವಾರ ಭಾನುವಾರ ಎರಡೇ ದಿನದಲ್ಲಿ ಆ ಪಾರ್ಕಿನ ಚಿತ್ರ ಬರೆದರು. ಲೆಕ್ಕಪತ್ರ ನೋಡುತ್ತಿದ್ದ ಅಣ್ಣ ರಾಯ್, ಆ ಚಿತ್ರ ಹಿಡಿದು ನ್ಯೂಯಾರ್ಕ್‌ಗೆ ಹೋದರು. ಟಿವಿ ಕಂಪನಿಗಳ ಬಾಗಿಲು ತಟ್ಟಿದರು. ನಿಮಗೆ ವಾರವಾರ ಕಾರ್ಯಕ್ರಮ ಕೊಡುತ್ತೇವೆ, ನೀವು ನಮ್ಮ ಪಾರ್ಕಿಗೆ ಹಣ ಹಾಕಿ. ಇದು ಅವರ ಮಾತು.

ಎನ್‌ಬಿಸಿ, ಸಿಬಿಎಸ್ ಆಗಲೇ ಚೆನ್ನಾಗಿ ನಡೆಯುತ್ತಿದ್ದ ಕಂಪನಿಗಳು. ಅವರಿಗೆ ಕಾರ್ಯಕ್ರಮ ಬೇಕು, ಪಾರ್ಕು ಬೇಡ. ಒಪ್ಪಿದ್ದು ಎಬಿಸಿ. ಮೂವರಲ್ಲಿ ಅದೇ ಹಿಂದುಳಿದದ್ದು, ಹೆಚ್ಚು ಗತಿ ಇಲ್ಲದ್ದು. 5 ಲಕ್ಷ ಡಾಲರ್ ಹಾಕಿ ಪಾರ್ಕಿನಲ್ಲಿ ಸುಮಾರು ಮೂರನೇ ಒಂದು ಪಾಲು ತೆಗೆದುಕೊಂಡಿತು. ಜೊತೆಗೆ 45 ಲಕ್ಷ ಡಾಲರ್ ಸಾಲಕ್ಕೆ ಜಾಮೀನು ನಿಂತಿತು.

ಆ ದಿನಗಳಲ್ಲಿ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳಿಗೆ ಟಿವಿ ಕಂಡರೆ ಆಗುತ್ತಿರಲಿಲ್ಲ. ಮನೆಯಲ್ಲೇ ಪುಕ್ಕಟೆ ತೋರಿಸಿದರೆ ಟಾಕೀಸಿಗೆ ಯಾರು ಬರುತ್ತಾರೆ ಅನ್ನುವ ಭಯ. ಡಿಸ್ನಿ ಉಲ್ಟಾ ಯೋಚಿಸಿದರು. ಮನೆಯೊಳಗೇ ಹೋಗಿ ಕರೆದರೆ ಇನ್ನೂ ಜಾಸ್ತಿ ಜನ ಬರುತ್ತಾರೆ ಅಂತ. ಮೊದಲ ಕಂತಿನಲ್ಲೇ ಅವರು ತೋರಿಸಿದ್ದು ಇನ್ನೂ ಕಟ್ಟಿ ಮುಗಿಯದ ಪಾರ್ಕನ್ನು. ಅದರಲ್ಲಿ ನಾಲ್ಕು ಲೋಕಗಳು. ಕಲ್ಪನೆಯದೊಂದು, ಸಾಹಸದ್ದೊಂದು, ಹಳೆಯ ಗಡಿನಾಡಿನದೊಂದು, ನಾಳೆಯದೊಂದು. ಪ್ರತಿ ವಾರ ಇವುಗಳಲ್ಲಿ ಒಂದರಿಂದ ಕತೆ ಬರುತ್ತದೆ ಅಂದರು. ನಾಜೂಕು ನೋಡಿ. ವಾರವಾರ ಕತೆ ಕೇಳಿದ ಮಗು, ಪಾರ್ಕಿನ ಬಾಗಿಲು ತೆರೆಯುವ ಮೊದಲೇ ಒಳಗಿನ ದಾರಿಯನ್ನೆಲ್ಲ ತಿಳಿದುಕೊಂಡಿರುತ್ತದೆ.

ಅಂದರೆ ಇದು ಜಾಹೀರಾತು. ಮುಚ್ಚಿಡುವುದೇನೂ ಇಲ್ಲ. ಅದೇ ಡಿಸೆಂಬರಿನಲ್ಲಿ, ಬಿಡುಗಡೆಗೆ ಕಾದಿದ್ದ ತಮ್ಮ ಜಲಾಂತರ್ಗಾಮಿ ಸಿನಿಮಾವನ್ನು ಹೇಗೆ ತೆಗೆದೆವು ಅಂತ ಒಂದು ಗಂಟೆ ತೋರಿಸಿದರು. ಸಿನಿಮಾ ಮಂದಿ ಅದನ್ನು ಉದ್ದನೆಯ ಟ್ರೈಲರ್ ಅಂತ ಗೇಲಿ ಮಾಡಿದರು. ಆ ಟ್ರೈಲರ್‌ಗೇ ಟಿವಿಯವರ ದೊಡ್ಡ ಪ್ರಶಸ್ತಿ ಎಮ್ಮಿ ಬಂತು!

ಮರುವಾರ, ಡಿಸೆಂಬರ್ 15ರಂದು, ಡೇವಿ ಕ್ರಾಕೆಟ್ ಬಂದ. ಹತ್ತೊಂಬತ್ತನೇ ಶತಮಾನದಲ್ಲಿ ನಿಜವಾಗಿ ಬಾಳಿದ ಮನುಷ್ಯ. ಬೇಟೆಗಾರ, ಆಮೇಲೆ ಸಂಸತ್ ಸದಸ್ಯ, ಕೊನೆಗೆ ಟೆಕ್ಸಸ್‌ನ ಅಲಾಮೊ ಕಾಳಗದಲ್ಲಿ ಸತ್ತವನು. ಪಾತ್ರ ಮಾಡಿದ್ದು ಫೆಸ್ ಪಾರ್ಕರ್ ಎಂಬ ಎತ್ತರದ ನಟ. ಚಿತ್ರೀಕರಣ ಮುಗಿಸಿ ನೋಡಿದರೆ ಕಂತಿನ ಉದ್ದ ಸಾಲದು. ತುಂಬಿಸಲು ಒಂದು ಹಾಡು ಕಟ್ಟಿದರು. ಸುಮ್ನೆ ಜಾಗ ತುಂಬಲು ಬಂದ ಆ ಹಾಡು 1955ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹುಡುಗರೆಲ್ಲ ರಕೂನ್ ಎಂಬ ಪ್ರಾಣಿಯ ಬಾಲ ನೇತಾಡುವ ಟೋಪಿ ಬೇಕು ಅಂತ ಹಟ ಹಿಡಿದರು. ಡಿಸ್ನಿಯವರು ಇದನ್ನು ಊಹಿಸಿರಲಿಲ್ಲ. ಮೂರನೇ ಕಂತಿನಲ್ಲೇ ನಾಯಕನನ್ನು ಸಾಯಿಸಿಬಿಟ್ಟಿದ್ದರು. ಜನ ಬಿಡಬೇಕಲ್ಲ? ಅದೇ ವರ್ಷದ ಕೊನೆಗೆ, ಅವನು ಬದುಕಿದ್ದಾಗಿನ ಕತೆ ಅಂತ ಇನ್ನೆರಡು ಕಂತು ತಂದರು.

ಇನ್ನೊಂದು ಜಾಣತನ ಹೇಳಬೇಕು. ಆಗ ಟಿವಿ ಕಪ್ಪು ಬಿಳುಪು. ಆದರೂ ಕ್ರಾಕೆಟ್ ಕತೆಯನ್ನು ಬಣ್ಣದಲ್ಲೇ ತೆಗೆದಿದ್ದರು. ಅದೇ ಮೂರು ಕಂತುಗಳನ್ನು ಜೋಡಿಸಿ 1955ರಲ್ಲಿ ಸಿನಿಮಾ ಮಾಡಿ ಟಾಕೀಸಿಗೆ ಬಿಟ್ಟರು. ಮನೆಯಲ್ಲಿ ಪುಕ್ಕಟೆ ನೋಡಿದ್ದನ್ನೇ ಜನ ಟಿಕೆಟ್ ಕೊಂಡು ಬಣ್ಣದಲ್ಲಿ ನೋಡಿದರು.

ಆ ಹಳೆಯ ಕಂತುಗಳಲ್ಲಿ ಕೆಲವನ್ನು ಈಚೆಗೆ ಡಿವಿಡಿಯಲ್ಲಿ ನೋಡಿದೆ. ಎಲ್ಲವೂ ಚೆನ್ನಾಗಿವೆ ಅಂದರೆ ಸುಳ್ಳಾಗುತ್ತದೆ. ಕ್ರಾಕೆಟ್‌ನ ಮೊದಲ ಕಂತಿನ ಹೆಸರಿನ ಅರ್ಥವೇ ‘ಇಂಡಿಯನ್ನರ ಜೊತೆ ಹೋರಾಡಿದವನು’. ಅಲ್ಲಿನ ಮೂಲನಿವಾಸಿಗಳನ್ನು ತೋರಿಸಿದ ರೀತಿ ನೋಡಿದರೆ ಮುಜುಗರವಾಗುತ್ತದೆ. ಕೆಲವು ಕತೆಗಳು ತೀರಾ ಎಳೆದಾಟ.

ಆದರೆ 1955ರ ಮಾರ್ಚ್ 9ರ ಕಂತು ಇದೆಯಲ್ಲ, ‘ಮ್ಯಾನ್ ಇನ್ ಸ್ಪೇಸ್’, ಅದನ್ನು ಎರಡು ಸಲ ನೋಡಿದೆ. ವಾರ್ಡ್ ಕಿಂಬಲ್ ಎಂಬ ಕಾರ್ಟೂನ್ ಕಲಾವಿದರು ಮಾಡಿದ್ದು. ರಾಕೆಟ್ ಹೇಗೆ ಹಾರುತ್ತದೆ, ತೂಕವೇ ಇಲ್ಲದ ಕಡೆ ಮನುಷ್ಯನ ಗತಿ ಏನು, ಇದನ್ನೆಲ್ಲ ನಗಿಸುತ್ತ ಹೇಳುತ್ತಾರೆ. ಆಮೇಲೆ ನಿಜವಾದ ವಿಜ್ಞಾನಿಗಳು ಬಂದು ಮಾತಾಡುತ್ತಾರೆ. ಅವರಲ್ಲಿ ವರ್ನರ್ ಫಾನ್ ಬ್ರೌನ್ ಕೂಡ ಒಬ್ಬರು. ಹಿಟ್ಲರನ ಜರ್ಮನಿಗೆ ವಿ-2 ರಾಕೆಟ್ ಮಾಡಿಕೊಟ್ಟವರು. ಆ ರಾಕೆಟ್‌ಗಳನ್ನು ಕೈದಿಗಳ ಕೈಯಲ್ಲಿ ಬಲವಂತದಿಂದ ಮಾಡಿಸಿದ್ದರು ಅನ್ನುವ ಮಾತು ಕಾರ್ಯಕ್ರಮದಲ್ಲಿ ಬರುವುದಿಲ್ಲ. ಅಷ್ಟು ನೆನಪಿಟ್ಟುಕೊಂಡೇ ನೋಡಬೇಕು. ಆದರೂ ಒಮ್ಮೆ ಯೋಚಿಸಿ. ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿದ್ದು 1957ರಲ್ಲಿ. ಅದಕ್ಕಿಂತ ಎರಡೂವರೆ ವರ್ಷ ಮೊದಲು, ಮಿಕ್ಕಿ ಮೌಸ್ ನೋಡೋಣ ಅಂತ ಕೂತ ಮಕ್ಕಳಿಗೆ ಇದು ಸಿಕ್ಕಿತು. ಮಕ್ಕಳೇನು ಇದನ್ನು ಕೇಳಿರಲಿಲ್ಲ. ಏನು ನೋಡುತ್ತೀಯ ಅಂತ ಮೊದಲೇ ಕೇಳಿದ್ದರೆ, ಎಷ್ಟು ಮಕ್ಕಳು ಬಾಹ್ಯಾಕಾಶ ಅನ್ನುತ್ತಿದ್ದವು?

ನನಗೆ ಈ ಕಾರ್ಯಕ್ರಮದ ಗುಟ್ಟು ಕಾಣುವುದು ಇಲ್ಲೇ. ಕತೆ ಯಾವುದು ಅಂತ ಮುಖ್ಯವಲ್ಲ, ಕತೆಯನ್ನು ಮನೆಯೊಳಗೆ ಕರೆತರುವವರು ಗೊತ್ತಿರಬೇಕು. ಡಿಸ್ನಿಯವರೇ ನಿರೂಪಕರು. ಕೋಟು, ಟೈ, ಸಣ್ಣ ಮೀಸೆ. ಕಚೇರಿಯಂತಹ ಸೆಟ್ಟಿನಲ್ಲಿ ಮೇಜಿನ ಅಂಚಿಗೆ ಒರಗಿ, ಕೈಯಲ್ಲಿ ಯಾವುದೋ ಗೊಂಬೆಯನ್ನೋ ಪುಸ್ತಕವನ್ನೋ ಹಿಡಿದು ಮಾತಾಡುತ್ತಾರೆ. ಮಾತು ಭಾರಿ ಚೆಂದವೇನಲ್ಲ. ನಟರ ಹಾಗೆ ಏರಿಳಿತ ಇಲ್ಲ. ಪಕ್ಕದ ಮನೆಯ ಮಾವ ಜಗಲಿಯಲ್ಲಿ ಕೂತು ಹೇಳಿದ ಹಾಗೆ. ಭಾಗವತರು ಅಂತ ನಾನು ಅಂದುಕೊಳ್ಳುವುದು ಅದಕ್ಕೇ. ಪ್ರಸಂಗದಲ್ಲಿ ಅವರಿಗೆ ವೇಷ ಇಲ್ಲ. ಆದರೆ ಅವರು ಕೂತಿಲ್ಲದಿದ್ದರೆ ಆಟವೇ ಇಲ್ಲ.

1961ರ ಸೆಪ್ಟೆಂಬರಿನಲ್ಲಿ ಕಾರ್ಯಕ್ರಮ ಎನ್‌ಬಿಸಿಗೆ ಬಂತು, ಭಾನುವಾರ ಸಂಜೆಗೆ, ಬಣ್ಣದಲ್ಲಿ. ಹೆಸರಿನಲ್ಲೇ ಬಣ್ಣ ಸೇರಿಕೊಂಡಿತು. ಎನ್‌ಬಿಸಿಯ ಒಡೆಯ ಕಂಪನಿ ಆರ್‌ಸಿಎ. ಅವರು ಕಲರ್ ಟಿವಿ ಮಾರುವವರು. ಫಿಲಂ ಮಾರುವ ಕೊಡಾಕ್ ಪ್ರಾಯೋಜಕರಾದರು. ಮತ್ತೆ ವ್ಯಾಪಾರವೇ, ಅಲ್ವಾ? ನಮ್ಮಲ್ಲಿ ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ. ಹಿಂದೆ ಬಣ್ಣದಲ್ಲಿ ತೆಗೆದಿಟ್ಟಿದ್ದ ಡಿಸ್ನಿ ಕಂತುಗಳು ಎನ್‌ಬಿಸಿಯಲ್ಲಿ ಮತ್ತೆ ಉಪಯೋಗಕ್ಕೆ ಬಂದವು. ಅಮ್ಮ ಉಪ್ಪಿನಕಾಯಿ ಹಾಕಿಟ್ಟ ಹಾಗೆ.

1966ರ ಡಿಸೆಂಬರ್ 15ರಂದು ಡಿಸ್ನಿ ತೀರಿಕೊಂಡರು. ಡೇವಿ ಕ್ರಾಕೆಟ್ ಮೊದಲು ಬಂದು ಸರಿಯಾಗಿ ಹನ್ನೆರಡು ವರ್ಷಕ್ಕೆ. ಕಾರ್ಯಕ್ರಮ ನಿಲ್ಲಲಿಲ್ಲ. ಅವರ ಜಾಗಕ್ಕೆ ಬೇರೆ ನಿರೂಪಕರನ್ನೂ ತರಲಿಲ್ಲ. ಭಾಗವತರಿಲ್ಲದೆ ಮೇಳ ನಡೆಯಿತು ಅನ್ನಿ. ಒಳ್ಳೆಯ ಕತೆಗಳು ಆಮೇಲೂ ಬಂದವು. 1975ರಲ್ಲಿ ಸಿಬಿಎಸ್‌ನವರು ‘ಸಿಕ್ಸ್‌ಟಿ ಮಿನಿಟ್ಸ್’ ಎಂಬ ಸುದ್ದಿ ಕಾರ್ಯಕ್ರಮವನ್ನು ಭಾನುವಾರ ಸಂಜೆ ಅದೇ ಹೊತ್ತಿಗೆ ತಂದರು. ನೋಡುಗರು ಆ ಕಡೆ ಸರಿಯತೊಡಗಿದರು. ಕೊನೆಗೆ ಡಿಸ್ನಿ ಕಾರ್ಯಕ್ರಮ ಆ ಸಿಬಿಎಸ್‌ಗೇ ಹೋಗಿ, 1983ರಲ್ಲಿ ನಿಂತಿತು. ಒಂದು ವರ್ಷವೂ ತಪ್ಪದೆ 29 ವರ್ಷ ನಡೆದದ್ದು. ಅದೇ ವರ್ಷ ಏಪ್ರಿಲ್‌ನಲ್ಲಿ ಡಿಸ್ನಿಯವರದೇ ಚಾನೆಲ್ ಶುರುವಾಯಿತು. ದಿನವಿಡೀ ಬೇಕಾದಷ್ಟು.

ಮತ್ತೆ ಬಂತು, ಮತ್ತೆ ಹೋಯಿತು. 1986ರಲ್ಲಿ ಬಂದಾಗ ಕಂಪನಿಯ ಮುಖ್ಯಸ್ಥ ಮೈಕೆಲ್ ಐಸ್ನರ್ ತಾವೇ ನಿರೂಪಕರಾಗಿ ನಿಂತರು. ಪಾಪ, ಪ್ರಯತ್ನ ಪಟ್ಟರು. ಆದರೆ ಕಂಪನಿ ನಡೆಸುವವರೆಲ್ಲ ಕತೆ ಹೇಳುವವರಾಗುವುದಿಲ್ಲ. ನನಗೆ ಹೆಚ್ಚು ಇಷ್ಟವಾದದ್ದು 1997ರಲ್ಲಿ ಬಂದ ಸಿಂಡರೆಲಾ. ಬ್ರ್ಯಾಂಡಿ ಎಂಬ ಕಪ್ಪು ಹುಡುಗಿ ಸಿಂಡರೆಲಾ, ಫಿಲಿಪೀನ್ಸ್ ಮೂಲದ ಹುಡುಗ ರಾಜಕುಮಾರ, ಅವನ ಅಮ್ಮ ರಾಣಿಯಾಗಿ ವೂಪಿ ಗೋಲ್ಡ್‌ಬರ್ಗ್. ಇದು ಹೇಗೆ ಅಂತ ಕತೆಯೊಳಗೆ ಯಾರೂ ಕೇಳುವುದಿಲ್ಲ. 1954ರ ಗಡಿನಾಡಿನ ಕತೆಯಿಂದ ಇಲ್ಲಿಗೆ ಬರಲು ಅದೇ ಬಾಗಿಲು ಸಾಕಾಯಿತು.

ನಮ್ಮಲ್ಲಿ ಇಂಥದ್ದು ಇರಲಿಲ್ಲವೇ? ಇತ್ತು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ನೆನಪಿಸಿಕೊಳ್ಳಿ. ಅಲ್ಲೂ ಹೆಚ್ಚಿನವು ಬಿಡಿ ಕತೆಗಳೇ. ಆದರೆ ಅಲ್ಲಿ ನಮ್ಮನ್ನು ಕೈಹಿಡಿದು ಒಳಗೆ ಕರೆದದ್ದು ಮನುಷ್ಯನಲ್ಲ, ಊರು. ಆ ರಾಗ ಬಂದರೆ ಸಾಕು, ಬೀದಿಯಲ್ಲಿ ಆಡುತ್ತಿದ್ದವರು ಟಿವಿ ಇದ್ದ ಮನೆಗೆ ಓಡುತ್ತಿದ್ದೆವು. ಇವತ್ತು ಯಾವ ಕತೆ ಅಂತ ಕೇಳಿದ ನೆನಪು ನನಗಿಲ್ಲ.

ನಮ್ಮ ಚಿಕ್ಕಪ್ಪ 1965ರಲ್ಲಿ ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋಗಿದ್ದರು. ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ ಬಾಡಿಗೆ ಕೋಣೆ. ಭಾನುವಾರ ಸಂಜೆ ಆಕೆ ಮೆಟ್ಟಿಲ ಬುಡದಲ್ಲಿ ನಿಂತು ಕರೆಯುತ್ತಿದ್ದರಂತೆ. ಇವರು ಸ್ವೆಟರ್ ಹಾಕಿಕೊಂಡು ಇಳಿದು ಹೋಗಿ ಕೂರುತ್ತಿದ್ದರು. ಇಬ್ಬರಿಗೂ ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಟಿವಿ ಇದ್ದದ್ದರಿಂದ ಮಾತಾಡುವ ತೊಂದರೆ ಇರಲಿಲ್ಲ.

ಡಿಸ್ನಿ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಆದರೆ ಆ ಸಾಲಿನ ಕಂತುಗಳಿಗೆ ಅವರು ಹೇಳುವ ಮುನ್ನುಡಿಗಳನ್ನು ಮೊದಲೇ ಚಿತ್ರಿಸಿಟ್ಟಿದ್ದರು. ಅವು 1967ರಲ್ಲೂ ಬರುತ್ತಲೇ ಇದ್ದವು. ಜನವರಿಯ ಒಂದು ಭಾನುವಾರ ಚಿಕ್ಕಪ್ಪ ಕೆಳಗೆ ಹೋದಾಗ, ಟಿವಿಯಲ್ಲಿ ಅದೇ ಮನುಷ್ಯ ಅದೇ ಮೇಜಿಗೆ ಒರಗಿ ಮಾತಾಡುತ್ತಿದ್ದರಂತೆ. ಆಕೆ ಎದ್ದು ಹೋಗಿ ಧ್ವನಿ ಸ್ವಲ್ಪ ಜೋರು ಮಾಡಿ ಬಂದು ಕೂತರಂತೆ. ಆ ದಿನದ ಕತೆ ಯಾವುದು ಅಂತ ಕೇಳಿದೆ. ಚಿಕ್ಕಪ್ಪನಿಗೆ ನೆನಪಿಲ್ಲ.

ನಮಸ್ಕಾರ.