ಚಂದ್ರ ಬಿಸಿಲಲ್ಲಿದ್ದಾನೆ

ಕೇಳುಗರೇ, ನಮಸ್ಕಾರ.

ಹುಣ್ಣಿಮೆ ಚಂದ್ರನ ಫೋಟೊ ತೆಗೆಯಲು ಹೋಗಿ ಕಪ್ಪು ಬಟ್ಟೆ ಮೇಲೆ ಸುಣ್ಣದ ಬೊಟ್ಟು ಇಟ್ಟ ಹಾಗೆ ಬಂದಿದೆಯಾ? ನನ್ನ ಮೊದಲ ಫೋಟೊ ಹಾಗೇ ಇತ್ತು. ಮೊಲವೂ ಇಲ್ಲ, ಕಲೆಯೂ ಇಲ್ಲ. ಲೆನ್ಸೇ ಸರಿಯಿಲ್ಲ ಅಂತ ಬೈದುಕೊಂಡೆ. ತಪ್ಪು ನನ್ನದು. ರಾತ್ರಿ ಅಲ್ವಾ ಅಂತ ಕ್ಯಾಮೆರಾವನ್ನು ಕತ್ತಲಿಗೆ ಹೊಂದಿಸಿದ್ದೆ.

ಕತ್ತಲಿರುವುದು ನಮ್ಮ ಕಡೆ. ಚಂದ್ರ ನಿಂತಿರುವುದು ಸುಡು ಬಿಸಿಲಲ್ಲಿ. ಅಲ್ಲಿನ ನೆಲ ಹಳೇ ಡಾಂಬರು ರಸ್ತೆಯ ಹಾಗೆ ಮಾಸಲು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲು ಮಾತ್ರ ವಾಪಸ್ ಬರುತ್ತದೆ. ಹಾಗಾಗಿ ಹಗಲಿನ ಲೆಕ್ಕವನ್ನೇ ಹಿಡಿಯಿರಿ. ಆಟೋ ಬಿಟ್ಟು ಮ್ಯಾನ್ಯುಯಲ್‌ಗೆ ಬನ್ನಿ. ಐಎಸ್‌ಒ 100, ಇದು ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ; ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 11; ಶಟರ್, ಅಂದರೆ ಬೆಳಕು ಒಳಬಿಡುವ ಹೊತ್ತು, ಸೆಕೆಂಡಿನ ನೂರನೇ ಒಂದು ಪಾಲು. ಹುಣ್ಣಿಮೆಗೆ ಇಷ್ಟು ಸಾಕು. ಅರ್ಧ ಚಂದ್ರನಾದರೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಜಾಸ್ತಿ ಬೆಳಕು ಕೊಡಿ.

ನನ್ನನ್ನು ಕೇಳಿದರೆ ಅರ್ಧ ಚಂದ್ರನೇ ಚೆಂದ. ಹುಣ್ಣಿಮೆಯಲ್ಲಿ ಬೆಳಕು ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಬೀಳುತ್ತದೆ. ನೆರಳೇ ಇರುವುದಿಲ್ಲ. ಅಷ್ಟಮಿಯ ಹೊತ್ತಿಗೆ ಬೆಳಕು ಕತ್ತಲು ಸೇರುವ ಗೆರೆಯ ಪಕ್ಕ ನೋಡಿ. ಕುಳಿಗಳಲ್ಲಿ ಇನ್ನೂ ಕತ್ತಲು ತುಂಬಿರುತ್ತದೆ, ಅಂಚಿಗೆ ಮಾತ್ರ ಬಿಸಿಲು ತಾಗಿರುತ್ತದೆ.

ಫೋಕಸ್ ಮಾಡುವುದೂ ಆ ಗೆರೆಯ ಮೇಲೇ. ಲೆನ್ಸಿನ ಮೇಲಿರುವ ಅನಂತದ ಗುರುತನ್ನು ನಂಬಬೇಡಿ. ಪರದೆಯಲ್ಲಿ ಚಿತ್ರವನ್ನು 10 ಪಟ್ಟು ಹಿಗ್ಗಿಸಿ, ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ. ಚಂದ್ರ ತೊರೆಯ ತಳದ ಕಲ್ಲಿನ ಹಾಗೆ ಅಲುಗುತ್ತಿರುತ್ತಾನೆ. ಅದು ನಮ್ಮ ಗಾಳಿಯ ಕುಣಿತ. ಒಂದೇ ಫೋಟೊಗೆ ಜೋತು ಬೀಳದೆ ಇಪ್ಪತ್ತು ಮೂವತ್ತು ತೆಗೆಯಿರಿ, ಗಾಳಿ ನಿಂತ ಗಳಿಗೆ ಒಂದೆರಡರಲ್ಲಾದರೂ ಸಿಗುತ್ತದೆ. ಟ್ರೈಪಾಡ್ ಬೇಕು. ಬಟನ್ ಒತ್ತಿದ ಅಲುಗಾಟ ತಪ್ಪಿಸಲು 2 ಸೆಕೆಂಡಿನ ಟೈಮರ್ ಇಡಿ.

ಇನ್ನು ಗಾತ್ರ. ಕೈ ಚಾಚಿ ಕಿರುಬೆರಳು ಎತ್ತಿದರೆ ಚಂದ್ರ ಅದರ ಹಿಂದೆ ಅಡಗಿಬಿಡುತ್ತಾನೆ. ಲೆನ್ಸಿನ ಫೋಕಲ್ ಲೆಂಗ್ತನ್ನು, ಅಂದರೆ ಅದರ ಮೇಲೆ ಬರೆದಿರುವ ಮಿಲಿಮೀಟರ್ ಅಂಕಿಯನ್ನು, 110ರಿಂದ ಭಾಗಿಸಿ, ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೆ ಅವನ ಅಳತೆ ಸಿಗುತ್ತದೆ. 300 ಮಿಲಿಮೀಟರ್ ಲೆನ್ಸಿನಲ್ಲಿ 3 ಮಿಲಿಮೀಟರೂ ಇಲ್ಲ!

ಹಾಗಾದರೆ ಗ್ರಹಗಳ ಗತಿ? ಅದೇ ಲೆನ್ಸಿನಲ್ಲಿ ಗುರು ಹೆಚ್ಚೆಂದರೆ ಹದಿನೆಂಟಿಪ್ಪತ್ತು ಪಿಕ್ಸೆಲ್ ಅಗಲ. ಪಟ್ಟೆ ಹುಡುಕುವ ಆಸೆ ಬಿಡಿ. ಶನಿಯ ಬಳೆಯೂ ಬಿಡಿಯಾಗಿ ಕಾಣದು, ಬರೀ ಉದ್ದುದ್ದ ಚುಕ್ಕಿ. ಶುಕ್ರ ಮಾತ್ರ ಭೂಮಿಗೆ ಹತ್ತಿರ ಬಂದಾಗ ಪುಟ್ಟ ಬಿದಿಗೆ ಚಂದ್ರನ ಹಾಗೆ ಬಾಗಿರುವುದು ತಿಳಿಯುತ್ತದೆ.

ಆದರೆ ಗುರುವಿನ ಚಂದ್ರರು ಸಿಗುತ್ತಾರೆ. ಐಎಸ್‌ಒ 1600, ಅಪರ್ಚರ್ ಎಫ್ 5.6, ಶಟರ್ ಕಾಲು ಸೆಕೆಂಡು. ಗುರು ಬೆಳ್ಳಗೆ ಉರಿದುಹೋಗಲಿ, ಚಿಂತೆ ಇಲ್ಲ. ಅವನ ಅಕ್ಕಪಕ್ಕ ದಾರ ಕಟ್ಟಿ ಜೋಡಿಸಿದ ಹಾಗೆ ನಾಲ್ಕು ಸಣ್ಣ ಚುಕ್ಕಿಗಳು ಬಂದಿರುತ್ತವೆ. ಮಾರನೆ ರಾತ್ರಿ ಅದೇ ಹೊತ್ತಿಗೆ ಇನ್ನೊಂದು ಫೋಟೊ ತೆಗೆದು ಪಕ್ಕಪಕ್ಕ ಇಡಿ. ಚುಕ್ಕಿಗಳು ಜಾಗ ಬದಲಿಸಿರುತ್ತವೆ. ಅವುಗಳಲ್ಲಿ ಐಯೋ ಅನ್ನುವುದು ಸುಮಾರು 42 ಗಂಟೆಗೆ ಒಂದು ಸುತ್ತು ಮುಗಿಸುತ್ತದೆ.

ನಾಲ್ಕರ ಬದಲು ಮೂರೇ ಸಿಕ್ಕರೆ ಕ್ಯಾಮೆರಾ ಮೇಲೆ ಅನುಮಾನ ಬೇಡ. ಒಂದು ಗುರುವಿನ ಹಿಂದೆಯೋ ಮುಂದೆಯೋ ಇರಬಹುದು, ಇಲ್ಲಾ ಎರಡು ಒಂದಕ್ಕೊಂದು ಅಂಟಿಕೊಂಡಿರಬಹುದು. 1610ರ ಜನವರಿ 7ರ ರಾತ್ರಿ ಗೆಲಿಲಿಯೊಗೆ ಕಂಡದ್ದೂ ಮೂರೇ.

ನಮಸ್ಕಾರ.