ಬಿಟ್ಟು ಹೋದ ಕಸ್ಟಮರ್‌ಗೆ ಒಂದು ಫೋನ್ ಹಾಕ್ರಪ್ಪ!

ನಮಸ್ಕಾರ ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಬರ್ದಿದಾರೆ, "ಗುರೂ, ಕಸ್ಟಮರ್ ಸರ್ವೆ ಅಂದ್ರೆ ಏಜೆನ್ಸಿಗೆ ಲಕ್ಷ ಲಕ್ಷ ಸುರೀಬೇಕು, ನಮ್ಮಂಥ ಚಿಕ್ಕ ಅಂಗಡಿಯವ್ರಿಗೆ ಆಗೋ ಮಾತಾ" ಅಂತ. ಅದಕ್ಕೆ ಲೈಕ್ ಬೇರೆ, ನನ್ನ ವಿಡಿಯೋಗಿಂತ ಜಾಸ್ತಿ!

ಸ್ವಾಮಿ, ಗೂಗಲ್ ಫಾರ್ಮ್ಸ್ ಬಿಟ್ಟಿ. ಕನ್ನಡದಲ್ಲೇ ಪ್ರಶ್ನೆ ಟೈಪ್ ಮಾಡಿ, ಕ್ಯೂಆರ್ ಮಾಡಿ, ಯುಪಿಐ ಸ್ಟಿಕರ್ ಪಕ್ಕ ಅಂಟಿಸಿ. ವಾಟ್ಸಾಪ್ ಪೋಲ್ ಬಿಟ್ಟಿ, 12 ಆಪ್ಷನ್ ತನಕ ಹಾಕ್ಬೋದು. ದುಡ್ಡಿನ ಮಾತು ಇಲ್ಲಿಗೆ ಮುಗೀತು. ನನ್ನ ತಕರಾರೇ ಬೇರೆ. ನೀವು ಕೇಳ್ತಿರೋದು ಯಾರನ್ನ? ದಿನಾ ಬರೋರನ್ನ. ಅವ್ರು ಚೆನ್ನಾಗಿದೆ ಅಂತಾನೇ ಅಂತಾರೆ, ಚೆನ್ನಾಗಿಲ್ದಿದ್ರೆ ಯಾಕ್ರೀ ಬರ್ತಿದ್ರು? ಬಿಟ್ಟು ಹೋದವ್ರನ್ನ ಕೇಳಿ!

ವಿಜಯನಗರದಲ್ಲಿ ನನ್ನ ಫ್ರೆಂಡ್ ಒಬ್ರು ದೋಸೆ ಹಿಟ್ಟು ಮಾರ್ತಾರೆ. ಫಾರ್ಮ್ ಇಟ್ರು, ಎಲ್ಲಾ ಐದು ಸ್ಟಾರ್, "ಹಿಟ್ಟು ಸೂಪರ್ ಮೇಡಂ". ಆದ್ರೆ ವ್ಯಾಪಾರ ಮಾತ್ರ ಇಳೀತಾನೇ ಇದೆ. ಕೊನೆಗೆ ಹಳೇ ಆರ್ಡರ್ ಬುಕ್ ತೆಗ್ದು, ಬರೋದು ನಿಲ್ಲಿಸಿದವ್ರಿಗೆ ಫೋನ್ ಹಚ್ಚಿದ್ರು. ಒಬ್ಬಾಕೆ ಅಂದ್ಲಂತೆ, "ನಿಮ್ಮ ಹಿಟ್ಟು ಬಿಟ್ಟಿದ್ದು ಬೇಜಾರೇ ಮೇಡಂ, ಆದ್ರೆ ನನ್ನ ಆಫೀಸು ವೈಟ್‌ಫೀಲ್ಡ್‌ಗೆ ಹೋಯ್ತು, ಪರ್ಪಲ್ ಲೈನ್ ಮೆಟ್ರೋ ಇಳಿದು ಬರೋಷ್ಟ್ರಲ್ಲಿ ಎಂಟೂವರೆ, ನಿಮ್ಮ ಶಟರ್ ಎಂಟಕ್ಕೇ ಡೌನ್." ಹಿಟ್ಟಲ್ಲಿ ಏನೂ ಪ್ರಾಬ್ಲಂ ಇಲ್ಲ, ಪ್ರಾಬ್ಲಂ ಇದ್ದಿದ್ದು ಶಟರ್‌ದು! ಇದು ಯಾವ ಫಾರ್ಮಲ್ಲಿ ಬರ್ತಿತ್ತು ಹೇಳಿ, ಅಂಗಡಿಗೇ ಬರಕ್ಕಾಗ್ದೆ ಇರೋಳು ಕ್ಯೂಆರ್ ಎಲ್ಲಿ ಸ್ಕ್ಯಾನ್ ಮಾಡ್ತಾಳೆ?

ಈಗ ಬರ್ತಾರೆ ಎಂಬಿಎ ಮಾಡಿದವ್ರು. "ಸ್ಯಾಂಪಲ್ ಸೈಜ್, ಅಂದ್ರೆ ಕೇಳಿದ ಜನರ ಸಂಖ್ಯೆ, ಸಾಲಲ್ಲ ಬ್ರೋ." ಅಪ್ಪಾ, 1936ರಲ್ಲಿ ಅಮೆರಿಕದಲ್ಲಿ ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಅಧ್ಯಕ್ಷ ಚುನಾವಣೇಲಿ ಯಾರಿಗೆ ವೋಟು ಅಂತ ಕೇಳಿ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸ್ತು, 20 ಲಕ್ಷಕ್ಕಿಂತ ಜಾಸ್ತಿ ವಾಪಸ್ ಬಂತು, ಲ್ಯಾಂಡನ್ ಗೆಲ್ತಾನೆ ಅಂತು. ಗೆದ್ದಿದ್ದು ರೂಸ್ವೆಲ್ಟ್, 48 ರಾಜ್ಯದಲ್ಲಿ 46! ಯಾಕಂದ್ರೆ ಕಾರ್ಡ್ ಹೋಗಿದ್ದು ಹೆಚ್ಚಾಗಿ ಫೋನು ಕಾರು ಇದ್ದ ಮನೆಗಳಿಗೆ, ಅದ್ರಲ್ಲೂ ಉತ್ತರ ಕೊಡೋಷ್ಟು ಉಮೇದು ಇದ್ದವ್ರಷ್ಟೇ ವಾಪಸ್ ಕಳಿಸಿದ್ದು. ಅದಕ್ಕಿಂತ ಎಷ್ಟೋ ಕಮ್ಮಿ ಜನರನ್ನ ಕೇಳಿದ ಗ್ಯಾಲಪ್ ಅನ್ನೋ ಸಮೀಕ್ಷೆಗಾರ ಸರಿಯಾಗಿ ಹೇಳ್ದ. ಸೈಜ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ? ಯಾರನ್ನ ಕೇಳ್ಲಿಲ್ಲ ಅನ್ನೋದು ನೋಡ್ರೀ!

"ಅವ್ರಿಗೆ ಕಿರಿಕಿರಿ ಆಗತ್ತೆ ಸರ್." ಪರ್ಸನಲ್ ಲೋನ್‌ನವ್ರು ದಿನಾ ಫೋನ್ ಮಾಡ್ತಾರೆ, ಅದು ಕಿರಿಕಿರಿ. ಎರಡು ನಿಮಿಷ "ಯಾಕ್ ಬರ್ತಿಲ್ಲ, ನಮ್ಮಿಂದ ಏನಾದ್ರೂ ತಪ್ಪಾಯ್ತಾ" ಅಂತ ಕೇಳಿದ್ರೆ ನಮ್ಮ ಜನ ಖುಷಿಯಾಗಿ ಹರಿಕಥೆನೇ ಶುರು ಮಾಡ್ತಾರೆ. ಕೂಪನ್ ಕೊಡ್ತೀನಿ ಅಂತ ಮಾತ್ರ ಆಸೆ ತೋರಿಸ್ಬೇಡಿ, ಆಮೇಲೆ ನಿಮಗೆ ಖುಷಿ ಆಗೋ ಉತ್ರಾನೇ ಬರತ್ತೆ. "ಬೆಲೆ ಜಾಸ್ತಿ ಆಯ್ತಾ" ಅಂತ ಉತ್ರಾನೂ ನೀವೇ ಬಾಯಿಗೆ ತುರುಕಬೇಡಿ. ಹಾಂ, ಜನರ ಖಾಸಗಿ ಮಾಹಿತಿ ಕಾಪಾಡೋ 2023ರ ಡೇಟಾ ಕಾನೂನು ಅಂತ ಲಾಯರ್ ಸಾಹೇಬ್ರು ಕೈ ಎತ್ತುತಾರೆ. ನಂಬರ್ ಬರ್ಕೊಳ್ಳೋವಾಗ್ಲೇ "ಫೋನ್ ಮಾಡ್ಬೋದಾ" ಅಂತ ಒಪ್ಪಿಗೆ ಕೇಳ್ಕೊಳ್ಳಿ, ಆಯ್ತು.

ಇನ್ನೊಂದು, ನಮ್ಮನ್ನ ಫ್ರೆಂಡ್ಸ್‌ಗೆ ಶಿಫಾರಸು ಮಾಡ್ತೀರಾ, ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಾ ಅಂತ ಎಲ್ಲಾ ಆ್ಯಪೂ ಕೇಳತ್ತಲ್ಲ, ಅದು 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂಲಿ ಬಂದಿದ್ದು. 9, 10 ಕೊಟ್ರೆ ಅಭಿಮಾನಿ, 6 ಇಲ್ಲಾ ಅದಕ್ಕಿಂತ ಕೆಳಗಿದ್ರೆ ಅಸಮಾಧಾನ. ಆರು ಕೊಟ್ಟವ್ನು ಕಾಫಿಗೆ ಸಿಟ್ಟೋ ಕ್ಯಾಷಿಯರ್‌ಗೆ ಸಿಟ್ಟೋ ಅಂತ ಆ ನಂಬರ್ ಬಾಯಿ ಬಿಡತ್ತಾ? ಫೋನ್ ಮಾಡ್ರೀ! ಬಿಟ್ಟು ಹೋದವ್ನಿಗೆ! ಇನ್ನೆಷ್ಟ್ ಸಲ ಹೇಳ್ಲಿ, ಗಂಟಲು ಹರ್ಕೊಂಡ್ರೂ ನಿಮ್ಗೆ ಡ್ಯಾಶ್‌ಬೋರ್ಡೇ ಬೇಕು, ಪೈ ಚಾರ್ಟೇ ಬೇಕು, ಅದೂ ಬಣ್ಣದ್ದು!

ಸರಿ, ನೀರು ಕುಡೀತೀನಿ. ಈ ಭಾನುವಾರ ಬಸವನಗುಡಿಯಲ್ಲಿ ನಮ್ಮ ವರ್ಕ್‌ಶಾಪ್ ಇದೆ, ಲಿಂಕ್ ಕೆಳಗಿದೆ, ಪಾರ್ಕಿಂಗ್ ಇಲ್ಲ, ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ನಡ್ಕೊಂಡು ಬನ್ನಿ. ಸಬ್‌ಸ್ಕ್ರೈಬ್ ಮಾಡಿ. ಅನ್‌ಸಬ್‌ಸ್ಕ್ರೈಬ್ ಮಾಡಿದವ್ರು ಯಾಕೆ ಅಂತ ಬರೀರಿ, ನಿಮ್ಮ ಫೋನ್ ನಂಬರ್ ಯೂಟ್ಯೂಬ್ ನನಗೆ ಕೊಡಲ್ಲ. ಆಡಿಯೋದಲ್ಲಿ ಟಕಟಕ ಸೌಂಡ್ ಅಂತ ಮಾತ್ರ ಬರೀಬೇಡಿ, ಮೇಲಿನ ಮನೇಲಿ ಟೈಲ್ಸ್ ಒಡೀತಿದಾರೆ.